ನಮ್ಮತ್ತಿಗೆ ಬಂದ ಕೌದಿ

ನಮ್ಮತ್ತಿ ಸುಮಿತ್ರವ್ವ ಮನಿಗೆ ಬಂದವರಿಗೆ ಏನರೆ ಕೊಡದ ಬಾಗಿಲ ದಾಟಾಕ ಬಿಡೂದಿಲ್ಲ. ಇಡೀ ಶಿರಹಟ್ಟಿಗೆ ಗೊತ್ತಿದ್ದ ಮಾತಿದು. ಕರೆಂಟ್ ಬಿಲ್ ತರಾಂವ ಬಿಲ್ ಕೊಟ್ಟು, ಶೇಂಗಾ ಉಂಡಿ ಕಟ್ಟಿಸಿಕೊಂಡು ಹೋಗ್ತಾನ. ಒಮ್ಮೆ ಯಾರದೋ ಮನಿ ಹುಡುಕ್ಕೋತ ತಪ್ಪಿ ಬಂದಾಂವಗ ಒಂದು ಸಿವುಡು ನುಗ್ಗಿಕಾಯಿ ಸಿಕ್ತು. ಅಂವ ಬಂದ ಕೆಲಸ ಮರತು ನುಗ್ಗಿಕಾಯಿ ಹೊತ್ಕೊಂಡು ಸೀದಾ ಬಸ್ ಸ್ಟ್ಯಾಂಡಿಗೆ ಹೋದ. ನಾ ನೀಲಾ, ಈ ಮನಿ ಸೊಸಿ. ಉಂಡಿ ಕಟ್ಟಾಕಿ ನಾನ, ಸಿವುಡು ಕಟ್ಟಾಕಿನೂ ನಾನ. ಹಿಂಗಾಗಿ ಸಿಟ್ಟು ಬರೂದೂ ನನಗ.

ಹಂಗಂತ ಕೈಗೆ ಸಿಕ್ಕದ್ದು ಕೊಡೂ ಪೈಕಿ ಅಲ್ಲ ಅವರು. ಬಂದವರ ಮಾರಿ ನೋಡ್ತಾರ, ಹೆಂಗ ಕುಂತ್ರು, ಹೆಂಗ ಎದ್ರು ನೋಡ್ತಾರ. ನಮ್ಮವ್ವ ಬೆಟಗೇರಿಯಿಂದ ಬಂದಾಗ ಚಾಪಿ ಮ್ಯಾಲಿಂದ ಏಳೂವಾಗ ಒಮ್ಮೆ "ಯಪ್ಪಾ" ಅಂದಿದ್ಲು, ಅಷ್ಟ. ಮುಂದಿನ ವಾರ ಬಡಿಗ್ಯಾರ ಕಡೆ ಮಾಡಿಸಿದ ಕುಂಡ್ರೂ ಎತ್ತರದ ಮಣಿ ನಮ್ಮವ್ವನ ಮನಿ ಮುಟ್ಟಿತ್ತು. ಆಕಿ ಮೊಣಕಾಲು ನೂಯ್ತಾವ ಅಂತ ಹೆತ್ತ ಮಗಳಿಗೆ ಗೊತ್ತಿರಲಿಲ್ಲ, ಬೀಗತಿಗೆ ಗೊತ್ತಾತು. ಆವತ್ತ ನನಗ ಅತ್ತಿ ಮ್ಯಾಲೆ ಭಾಳ ಪ್ರೀತಿ ಬಂತು, ಒಂದೀಟು ಹೊಟ್ಟಿಕಿಚ್ಚೂ ಬಂತು.

ಆದ್ರ ತಗೊಳ್ಳೂದು? ಅದರ ಸುದ್ದಿ ಕೇಳಬ್ಯಾಡ್ರಿ. ಯಾರರೆ ಅರ್ಧ ಡಜನ್ ಬಾಳಿಹಣ್ಣು ತಂದ್ರೂ ಸಾಕು, ಮನಿಗೆ ಪೊಲೀಸರು ಬಂದಂಗ ಮಾರಿ ಮಾಡ್ತಾರ. "ಅಯ್ಯ ಶಿವನ, ಇದನ್ಯಾಕ ತರಾಕ ಹೋದ್ರಿ!" ಅವರು ಚಾ ಕುಡಿಯೂದರೊಳಗ ಇವರು ಅಡಗಿಮನಿಗೆ ಬಂದು, "ನೀಲಾ, ಹೊಳ್ಳಿ ಏನ ಕೊಡೂದ?" ಅಂತ ಶುರು. ಬಂದ ಸಾಮಾನು ಎಲ್ಲಾ ಟ್ರಂಕಿನಾಗ. ಸೀರಿ, ಟಾವೆಲ್, ಸ್ಟೀಲಿನ ಡಬ್ಬಿ, ಎಲ್ಲಾ. ನನ್ನ ತಮ್ಮ ವೀರು ಕೊಡಿಸಿದ ಮಿಕ್ಸರ್ ಟ್ರಂಕಿನಾಗ ಹಿಡಿಸಲಿಲ್ಲ, ಅದು ಮಂಚದ ಕೆಳಗ ಮಲಗೇತಿ. ನಾ ಇನ್ನೂ ಕಲ್ಲಿನಾಗ ಚಟ್ನಿ ಅರೀತೀನಿ. ಕೇಳಿದ್ರ, "ಪ್ರೀತಿಲೆ ಕೊಟ್ಟದ್ದು ಬಳಸಿದ್ರ ಹಾಳಾಗ್ತೈತಿ" ಅಂತಾರ. ಸೊಸಿ ರಟ್ಟಿ ಹಾಳಾದ್ರ ನಡೀತೈತಿ!

ಇಂಥಾ ಮನಿಗೆ ಹ್ವಾದ ಛಳಿಗಾಲದಾಗ ಮುಂಡರಗಿಯಿಂದ ಹನಮಂತವ್ವ ಬಂದ್ಲು. ರೀ ಹಚ್ಚಿ ಮಾತಾಡಿದ್ರ ಆಕಿ ಬೈತಾಳ, ಅದಕ್ಕ ಹಿಂಗ ಹೇಳ್ತೀನಿ. ಆಕಿನೂ ಅತ್ತಿನೂ ಬಾಳೆಹೊಸೂರಿನ ಒಂದ ಓಣ್ಯಾಗ ಬೆಳದವರು. ವರ್ಷದಾಗ ಎರಡು ಮೂರು ಸಲ ಬಂದು, ಒಂದು ರಾತ್ರಿ ಇದ್ದು ಹೋಗ್ತಿದ್ಲು. ಆಕಿ ಬಂದಾಗ ನಮ್ಮತ್ತಿ ನಗೂದು ಓಣಿ ತುದಿ ಮಟಾ ಕೇಳ್ತಿತ್ತು.

ಆ ಸಲ ಬಂದಾಕಿ ಚೀಲದಾಗಿಂದ ಒಂದು ಕೌದಿ ತಗದು ಕಟ್ಟಿ ಮ್ಯಾಲೆ ಹಾಸಿದ್ಲು. ಹಳೇ ಸೀರಿ ಒಂದರ ಮ್ಯಾಲೊಂದು ಇಟ್ಟು, ಸಣ್ಣ ಸಣ್ಣ ಹೊಲಿಗಿ ಹಾಕಿ ಹೊಲದ ಕೌದಿ. ಅತ್ತಿ ಬಗ್ಗಿ ನೋಡಿ, "ಅಯ್ಯ! ಇವು ನನ್ನ ಸೀರಿ!" ಅಂದ್ರು.

"ಹೌದಲೇ ಸುಮಿ, ನೀ ಕೊಟ್ಟಾವ. ಈ ಕೆಂಪಂದು ನನ್ನ ಹುಲಿಗೇಶನ ತೊಟ್ಟಲದಾಗ ಕೊಟ್ಟಿದ್ದಿ, ಹಸರಂದು ಮನಿ ಕಟ್ಟಿಸಿದಾಗ. ಉಟ್ಟು ಉಟ್ಟು ಪಿಸದು ಹೋದ್ವು. ಹೊರಗ ಒಗ್ಯಾಕ ಮನಸ್ಸಾಗಲಿಲ್ಲ. ಮೂಲ್ಯಾಗ ಸಜ್ಜಿ ರೊಟ್ಟಿ ಚೂರು ಇಟ್ಟು ಹೊಲದೀನಿ, ಕೌದಿ ಹಸಕೊಂಡಿರಬಾರದು. ಛಳ್ಯಾಗ ಹೊಚ್ಚಿಕೋ."

ನನ್ನ ಕಣ್ಣಾಗ ನೀರು ಬಂತು ನೋಡ್ರಿ. ನಮ್ಮತ್ತಿ ಕಣ್ಣಾಗ ಮಾತ್ರ ಲೆಕ್ಕ ಶುರು ಆಗಿತ್ತು. ಆ ಕೂಡ್ಲೇ ನನ್ನ ಗಂಡ ಮಹಾದೇವನ್ನ ಬೆಟಗೇರಿಗೆ ಓಡಿಸಿದ್ರು, ರೇಷ್ಮಿ ದಡಿ ಕೈಮಗ್ಗದ ಸೀರಿ ತರಿಸಿದ್ರು. ಮರುದಿನ ಹನಮಂತವ್ವ ಹೋಗೂವಾಗ ಅದನ್ನ ಆಕಿ ಚೀಲದ ತಳಕ್ಕ ತುರುಕಿದ್ರು. ಕೌದಿಗೆ ಡಾಂಬರ ಗುಳಿಗಿ ಹಾಕಿ ಟ್ರಂಕಿನಾಗ ಇಟ್ಟು, ಕೀಲಿ ಜಡದ್ರು.

ಎರಡು ದಿನಕ್ಕ ಸೀರಿ ಹೊಳ್ಳಿ ಬಂತು, ಬಸ್ಸಿನ ಕಂಡಕ್ಟರ್ ಕೈಯಾಗ. ಬರೇ ಸೀರಿ ಬಂದಿದ್ರ ಛಲೋ ಇತ್ತು. ಅರ್ಧ ಖಾಲಿ ಚೀಲ ಕಳಿಸಬಾರದು ಅಂತ ಹನಮಂತವ್ವ ಅದರಾಗ ಸಜ್ಜಿ ತುಂಬಿದ್ಲು. ನಮ್ಮತ್ತಿ ಬಿಡ್ತಾರೇನು? ಅದ ಚೀಲದಾಗ ಸೀರಿನೂ ಇಟ್ಟು, ಮ್ಯಾಲೆ ಕಡ್ಲಿ ತುಂಬಿ ಕಳಿಸಿದ್ರು. ಅಲ್ಲಿಂದ ಸೀರಿ ಜೋಡಿ ಉಳ್ಳಾಗಡ್ಡಿ ಬಂತು. ಕಡೀಕ ಕಂಡಕ್ಟರ್ ಕೈ ಮುಗದು, "ಯವ್ವಾ, ಈ ಚೀಲಕ್ಕ ಒಂದು ಪಾಸ್ ಮಾಡಿಸಿ ಬಿಡ್ರಿ" ಅಂದ. ಅವಂಗೂ ಎರಡು ಉಂಡಿ ಕೊಟ್ಟು ಕಳಿಸಿದ್ರು.

ಆವತ್ತ ಸಂಜಿಗೆ ಹನಮಂತವ್ವನ ಫೋನ್ ಬಂತು. ನಕ್ಕೋತ ಬೈಯಾಕಿ, ಆವತ್ತ ನಗಲಿಲ್ಲ. "ಸುಮಿ, ನಾ ಏನ ಹೊಲಿಗಿ ಅಂಗಡಿ ಇಟ್ಟೀನೇನ? ಗೆಳತಿಗೆ ಕೂಲಿ ಕೊಡಾಕ ಬಂದಿ?" ಅಂತ ಕೇಳಿ ಫೋನ್ ಇಟ್ಟ್ಲು.

ಆಮ್ಯಾಲೆ ಆಕಿ ಬರೂದ ಬಿಟ್ಲು. ಸಂಕ್ರಮಣಕ್ಕ ಬರಲಿಲ್ಲ. ಯುಗಾದಿಗೆ ಕರದ್ರ "ಬಿಸಿಲೈತಿ" ಅಂದ್ಲು. ಮಳಿ ಹಿಡೀತು, ಆಗರೆ ಬಾ ಅಂದ್ರ "ರಾಡಿ ಐತಿ" ಅಂದ್ಲು. ನಮ್ಮತ್ತಿ ಮಂಕಾಗಿ ಹೋದ್ರು. ಬಸ್ ಬರೂ ಹೊತ್ತಿಗೆ ಸುಮ್ಮನ ಹೋಗಿ ಕಟ್ಟಿ ಮ್ಯಾಲೆ ಕುಂಡ್ರೂರು. ಕರೆಂಟ್ ಬಿಲ್ಲಿನಾಂವ ಬಂದ್ರ ಬಿಲ್ ಇಸಕೊಂಡು ಒಳಗ ಬಂದು ಬಿಟ್ರು, ಪಾಪ, ಅಂವ ಚೀಲ ಹಿಡಕೊಂಡು ಹಂಗ ನಿಂತಿದ್ದ.

ಪಂಚಮಿ ಮುಂದ ಒಂದಿನ ಅತ್ತಿ, "ನೀಲಾ, ಹನಮಿಗೆ ಐದು ನಮೂನಿ ಉಂಡಿ ಕಟ್ಟು, ಆ ಸೀರಿನೂ ಇಟ್ಟು ಕಳಸೋಣು" ಅಂದ್ರು. ನನ್ನ ತಲಿ ತಿರಗಿ ಹೋತು.

"ಏನೂ ಕಳಸೂದಿಲ್ರಿ ಅತ್ತಿ! ಕೊಟ್ಟು ಕೊಟ್ಟ ಗೆಳತಿನ್ನ ಕಳಕೊಂಡ್ರಿ, ಇನ್ನೂ ಬುದ್ಧಿ ಬರಲಿಲ್ಲೇನ್ರಿ? ಆಕಿ ನೀವು ಕೊಟ್ಟ ಸೀರಿ ಹರಿಯೂ ಮಟಾ ಉಟ್ಲು. ನೀವು ಆಕಿ ಕೊಟ್ಟ ಕೌದಿ ಒಂದಿನಾನೂ ಹೊಚ್ಚಿಕೊಂಡಿಲ್ಲ!"

ಇಷ್ಟು ಜೋರಾಗಿ ನಾ ಎಂದೂ ಅವರ ಮುಂದ ಮಾತಾಡಿದಾಕಿ ಅಲ್ಲ. ಸೊಂಟದ ಕೀಲಿ ಕೊಡ್ರಿ ಅಂತ ಕೈ ಚಾಚಿದೆ. ಏನ ಅನಿಸಿತೋ, ಬಿಚ್ಚಿ ಕೊಟ್ರು. ಕೌದಿ ತಗದು ಝಾಡಿಸಿ ಅವರ ಮಂಚದ ಮ್ಯಾಲೆ ಒಗದೆ. "ಹೊಲಸಾಗ್ತೈತಿ" ಅಂತ ಸಣ್ಣ ದನಿಲೆ ಅಂದ್ರು. "ಆಗಲಿ" ಅಂದು ಒಳಗ ಹೋದೆ.

ಮರುದಿನ ಮುಂಜಾನೆ ಅವರ ಮಾರಿ ಗಂಟಿಕ್ಕಿತ್ತು. ಚಾ ಕುಡಿಯೂಕಿಂತ ಮೊದಲ ಫೋನ್ ಹಚ್ಚಿಸಿದ್ರು. ಈಗರೆ ಹೊಗಳ್ತಾರ, ಜಗಳ ಮುಗೀತೈತಿ ಅಂತ ನಾ ಬಾಜೂಕ ನಿಂತೆ.

"ಹನಮಿ, ನಿನ್ನ ಕೌದಿ ಗಿಡ್ಡ ಆತಲೇ" ಅಂದ್ರು. "ಹೆಗಲು ಮುಚ್ಚಿದ್ರ ಪಾದ ಹೊರಗ ಬರ್ತಾವ. ಹೆಂಗ ಅಳತಿ ಹಿಡದಿ ನೀ?"

ಹಣಿ ಹಣಿ ಬಡಕೊಂಡೆ. ಹೋತು, ಇದ್ದೊಬ್ಬ ಗೆಳತಿನೂ ಹೋದ್ಲು ಅಂದ್ಕೊಂಡೆ. ಆ ಕಡೆಯಿಂದ ಹನಮಂತವ್ವ ಕೇಳಿದ್ಲು, "ಹೊಚ್ಚಿಕೊಂಡಿದ್ದಿ?"

"ಹೂಂ. ರಾತ್ರೆಲ್ಲಾ."

"ಖರೆ?"

"ಖರೆ ಅಂದ್ರ! ಕಾಲು ತಣ್ಣಗಾಗಿ ಎಚ್ಚರಾತು. ನೀನ ಬಂದು ಸರಿ ಮಾಡಿ ಕೊಡು."

ಹುಟ್ಟಿದಾಗಿಂದ ನಮ್ಮತ್ತಿ ಯಾರ ಕಡೆಯಿಂದರೆ ಏನರೆ ಕೇಳಿದ್ದು ಅದ ಮೊದಲು ಇರಬೇಕು. ಆ ಕಡೆ ಹನಮಂತವ್ವ ನಕ್ಕಿದ್ದು ಮಹಾದೇವ ಮಲಗಿದ್ದ ಖೋಲಿ ಮಟಾ ಕೇಳಿಸ್ತು. ಮಧ್ಯಾಹ್ನದ ಬಸ್ಸಿಗೆ ಸೂಜಿ ದಾರ ಹಿಡಕೊಂಡು ಬಂದ ಬಿಟ್ಲು.

ಬಂದಾಕಿ ಕೌದಿ ಹಾಸಿ, "ಇದರ ತುಂಬ ನೀ ಕೊಟ್ಟ ಸೀರಿ ಅದಾವ. ಕಾಲ ಕಡೆ ನಾ ಕೊಟ್ಟದ್ದೊಂದು ಹಚ್ಚತೀನಿ. ತಾ" ಅಂದ್ಲು. ನಮ್ಮತ್ತಿ ಮಾರಿ ಇಳೀತು. ಟ್ರಂಕಿನಾಗಿಂದ ಒಂದು ನೀಲಿ ಸೀರಿ ತಂದ್ರು. ನಮ್ಮ ಲಗ್ನದಾಗ ಹನಮಂತವ್ವ ಕೊಟ್ಟದ್ದು. ಮಡಿಕಿ ಬಿಚ್ಚಿರಲಿಲ್ಲ, ಅಂಗಡಿ ಚೀಟಿ ಸೈತ ಹಂಗ ಇತ್ತು.

ಹನಮಂತವ್ವ ಆ ಸೀರಿನ್ನ ಭಾಳ ಹೊತ್ತು ನೋಡಿದ್ಲು. ಆಕಿ ಚೀಟಿ ಕಿತ್ತು ಒಗದು, ಸೀರಿನ್ನ ಅತ್ತಿ ಮಾರಿ ಮ್ಯಾಲೆ ಒಗದ್ಲು. "ಹೊಸಾ ಅರಿವಿ ಕೌದಿಗೆ ಬರೂದಿಲ್ಲಲೇ ಹುಚ್ಚಿ. ಉಡು. ಮೆತ್ತಗಾದ ಮ್ಯಾಲೆ ಹಚ್ಚತೀನಿ."

ಆವತ್ತಿನಿಂದ ನಮ್ಮತ್ತಿ ನೀಲಿ ಸೀರಿ ಉಟ್ಟು ಕಸ ಹೊಡೀತಾರ, ಸಂತಿಗೆ ಹೋಗ್ತಾರ. ಹನಮಂತವ್ವ ತಿಂಗಳಾ ಬರ್ತಾಳ. ಬಂದಾಕಿ ಮೊದಲ ಅತ್ತಿ ಸೆರಗು ಹಿಡದು ಬೆರಳಾಗ ತಿಕ್ಕಿ ನೋಡ್ತಾಳ. ನಾ ದಿನಾ ಒಗಿಯಾಕಿ, ನನಗ ಗೊತ್ತು, ಅದು ಯಾವಾಗೋ ಮೆತ್ತಗಾಗಿ ಹೋಗೇತಿ. ಆಕಿ ಮಾತ್ರ, "ಇನ್ನೂ ಗಟ್ಟಿ ಐತಲ್ಲಲೇ ಸುಮಿ" ಅಂತಾಳ. ನಮ್ಮತ್ತಿನೂ ಒಮ್ಮೆ ಮುಟ್ಟಿ ನೋಡಿ, "ಹೌದ ನೋಡ, ಇನ್ನೂ ಗಟ್ಟಿ ಐತಿ, ಮುಂದಿನ ತಿಂಗಳ ಬಂದು ನೋಡು" ಅಂತಾರ.