ಬಸ್ಸೇ ಬೇಕೆಂದ ಮಾರ್ತಾ

ಬಸ್ಸು ಹಳೇಬೀಡಿನ ನಿಲ್ದಾಣಕ್ಕೆ ತಿರುಗುವಾಗಲೇ ಅದರ ಪಕ್ಕದಲ್ಲಿ ಓಡುತ್ತ, ಕಿಟಕಿಯೊಳಗೆ ನೀಲಿ ಕರ್ಚೀಫ್ ಎಸೆದು ಸೀಟು ಹಿಡಿಯುವ ವಿದೇಶಿ ಹೆಂಗಸನ್ನು ನಾನು ಅದುವರೆಗೆ ನೋಡಿರಲಿಲ್ಲ. ಅರವತ್ತು ದಾಟಿದ ವಯಸ್ಸು, ಮೊಣಕಾಲಿಗೆ ಪಟ್ಟಿ, ಬಿಸಿಲಿಗೆ ಕೆಂಪೇರಿದ ಮೂಗು. ಹೆಸರು ಮಾರ್ತಾ, ಪೋರ್ಚುಗಲ್ಲಿನವರು. ಹಳೇಬೀಡು, ಬೇಲೂರಿನ ಗುಡಿಗಳ ಶಿಲ್ಪಗಳನ್ನು ಪೆನ್ಸಿಲಿನಲ್ಲಿ ಬಿಡಿಸಲು ಬಂದು ಇಲ್ಲಿನ ಲಾಡ್ಜಿನಲ್ಲಿ ಉಳಿದುಬಿಟ್ಟಿದ್ದರು. ನಾನು ಬೇಲೂರಿನ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ದಿನವೂ ಅದೇ ಬಸ್ಸು, ಹಾಗಾಗಿ ಪರಿಚಯ.

ಒಮ್ಮೆ ಜಾವಗಲ್ಲಿನ ಒಬ್ಬ ಆಸಾಮಿ ಆ ಕರ್ಚೀಫನ್ನು ಪಕ್ಕಕ್ಕೆ ಸರಿಸಿ ಕೂತುಬಿಟ್ಟ. ಮಾರ್ತಾ ಅವನೆದುರು ನಿಂತು, "ನನ್ನ ಸೀಟು, ಅಣ್ಣ" ಎಂದರು.

"ಅಯ್ಯೋ, ಫಾರಿನ್‌ನೋರಿಗೂ ಗೊತ್ತಾಗೋಯ್ತಾ ಇದು?" ಎಂದು ಅವನು ನಕ್ಕ.

ಹಿಂದಿನ ಸೀಟಿನ ಹೂವಿನವಳು ಬಿಡಲಿಲ್ಲ. "ಗೊತ್ತಾಗೈತೆ, ಏಳೋ ಮೇಲೆ! ಕರ್ಚೀಫ್ ಹಾಕಿದ್ಮೇಲೆ ಮುಗೀತು."

ಅವನು ಎದ್ದ. ಮಾರ್ತಾ ಕೂತರು, ಆಮೇಲೆ ಪಕ್ಕಕ್ಕೆ ಸರಿದು ಅವನಿಗೂ ಜಾಗ ಮಾಡಿಕೊಟ್ಟು ಕಡಲೆಕಾಯಿಯ ಪೊಟ್ಟಣ ಮುಂದೆ ಹಿಡಿದರು. ಮೊದಲು ತನ್ನದು ತನ್ನದೇ ಎಂದು ಎಲ್ಲರೂ ಒಪ್ಪಬೇಕು, ಹಂಚಿಕೊಳ್ಳುವುದು ಆಮೇಲೆ. ಇದು ಅವರ ಸ್ವಭಾವ.

ನಿಲ್ದಾಣದ ಟ್ಯಾಕ್ಸಿಯವರು ದಿನವೂ ಮುತ್ತುತ್ತಿದ್ದರು. "ಎಸಿ ಕಾರು ಮೇಡಂ, ಬೇಲೂರು, ಅರಸೀಕೆರೆ, ಎಲ್ ಬೇಕಾದ್ರೂ." ಉತ್ತರ ಒಂದೇ: "ಬೇಡ ಅಣ್ಣ, ಬಸ್ ಐತೆ." ಟ್ಯಾಕ್ಸಿಯವರು ಅದನ್ನೇ ಅಣಕಿಸುತ್ತಿದ್ದರು. ಯಾಕೆ ಇಷ್ಟು ಹಟ ಎಂದು ಕೇಳಿದ್ದೆ. ಇಂಗ್ಲಿಷಿನಲ್ಲಿ ಹೇಳಿದರು, "ಕಾರಿನಲ್ಲಿ ಒಬ್ಬನ ಕುತ್ತಿಗೆಯನ್ನೇ ನೋಡಿಕೊಂಡು ಹೋಗಬೇಕು. ಬಸ್ಸಿನಲ್ಲಾದರೆ ಯಾರಾದರೂ ತಮ್ಮ ಮಗುವನ್ನು ನನ್ನ ತೊಡೆಯ ಮೇಲೆ ಕೂರಿಸುತ್ತಾರೆ."

ಅಂಥವರು ಟ್ಯಾಕ್ಸಿ ಹತ್ತಿದ್ದು ನನಗಾಗಿ. ಒಂದು ಬೆಳಿಗ್ಗೆ ಬಸ್ಸು ಬರಲೇ ಇಲ್ಲ, ನನಗೆ ಪರೀಕ್ಷೆಯ ಕೆಲಸ. "ಒಬ್ಬಳೇ ಹೋಗಬೇಡ" ಎಂದು ಅವರೂ ಬಂದರು. ಮೊಣಕಾಲು ಚಾಚಲೆಂದು ಮುಂದೆ ಕೂತರು, ನಾನು ಹಿಂದೆ.

ಊರು ದಾಟಿದ ಮೇಲೆ ಡ್ರೈವರ್ ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದರಲ್ಲಿ ಮೊಬೈಲ್ ಹಿಡಿದ. ಏನೋ ರೀಲ್ಸ್ ನೋಡಿ ನಗುತ್ತಿದ್ದ. ಮಾರ್ತಾ ಫೋನು ಇಡು ಎಂದು ಸನ್ನೆ ಮಾಡಿದರು. ನಾನೂ ಹೇಳಿದೆ. "ಸುಮ್ನೆ ಕೂತ್ಕಳಿ ಮೇಡಂ, ಹುಟ್ಟಿದಾಗ್ಲಿಂದ ಇದೇ ರೋಡು ನಮ್ದು" ಎಂದು ಬೇಕಂತಲೇ ಇನ್ನಷ್ಟು ಜೋರು ಓಡಿಸಿದ. ತಿರುವಿನಲ್ಲಿ ಎದುರಿಗೆ ತೆಂಗಿನಕಾಯಿ ತುಂಬಿದ ಟ್ರ್ಯಾಕ್ಟರು. ಅದರ ಮುಂದಿನ ಚಕ್ರದ ಕೆಸರು ನನಗೆ ಈಗಲೂ ಕಾಣುತ್ತದೆ. ಪಾಠ ಮಾಡುವಾಗ, ಅನ್ನ ಕಲಸುವಾಗ ಕಾಣುತ್ತದೆ. ನಮ್ಮ ಕಾರು ಮಣ್ಣಿಗಿಳಿದು ವಾಲಿ, ಹೇಗೋ ಮತ್ತೆ ರಸ್ತೆಗೆ ಹತ್ತಿತು. "ನಿಲ್ಲಿಸಿ" ಎಂದು ಕಿರುಚಿದೆ. ಅವನು ನಿಲ್ಲಿಸಲಿಲ್ಲ.

ಮುಂದೆ ಕುರಿ ಮಂದೆ ಅಡ್ಡ ಬಂತು. ಕಾರು ನಿಂತದ್ದು ಕುರಿಗಳಿಗಾಗಿ. ಅವನು ಎಂಜಿನ್ ಆರಿಸದೆ ಇಳಿದು, ಕುರಿ ಕಾಯುವ ಅಜ್ಜಿಯನ್ನು ಬಯ್ಯತೊಡಗಿದ. ಮಾರ್ತಾ ಸ್ಟೀರಿಂಗಿನತ್ತ ಬಾಗಿ ಕೀ ತಿರುಗಿಸಿ ಕಿತ್ತುಕೊಂಡು ಕೆಳಗಿಳಿದರು. ನಾನೂ ಇಳಿದೆ.

"ಏಯ್, ಕೊಡೇ ಕೀನ!" ಅವನು ಕೈ ಎತ್ತಿಕೊಂಡು ಬಂದ. ಮಾರ್ತಾ ಹಿಂದೆ ಸರಿಯಲಿಲ್ಲ. ಅವನ ಮುಖವನ್ನೇ ನೋಡುತ್ತ ಕೈ ಚಾಚಿ ಕೀಯನ್ನು ಅಜ್ಜಿಯ ಅಂಗೈಗೆ ಹಾಕಿದರು. ನಡೆದದ್ದನ್ನು ನಾನು ತೊದಲುತ್ತ ಹೇಳಿದೆ. ಅಜ್ಜಿ ಪೂರ್ತಿ ಕೇಳಲೂ ಇಲ್ಲ, ಕೀಯನ್ನು ಸೆರಗಿನ ತುದಿಗೆ ಕಟ್ಟಿ ಗಂಟು ಬಿಗಿದು ಸೊಂಟಕ್ಕೆ ಸಿಕ್ಕಿಸಿದಳು.

"ಹೆಂಗಸ್ರ ಮೇಲೆ ಕೈ ಎತ್ತೀಯೇನ್ಲಾ? ಬಸ್ ಬರ್ಲಿ, ಇವ್ರು ಹತ್ಲಿ. ಆಮೇಲೆ ಬಿಚ್ಕೊಡ್ತೀನಿ."

"ಅಜ್ಜಿ, ನಿಂಗ್ಯಾಕ್ ಬೇಕು ಊರ್ ಉಸಾಬರಿ?"

"ನನ್ ಕುರಿ ಮೇಲೆ ಹತ್ತಿಸ್ತಿದ್ಯಲ್ಲ, ಅದ್ಕೇ ಬೇಕು."

ಸೆರಗಿಗೆ ಕೈ ಹಾಕುವ ಧೈರ್ಯ ಅವನಿಗಿರಲಿಲ್ಲ. ಕಾರಿಗೆ ಒರಗಿ ಫೋನಿನಲ್ಲಿ ಯಾರನ್ನೋ ಕರೆಯುತ್ತ, "ನಾಳೆ ಸ್ಟ್ಯಾಂಡಿಗೆ ಬರ್ತಾಳಲ್ಲ, ನೋಡ್ಕೋತೀನಿ" ಎಂದು ನಮಗೆ ಕೇಳುವಂತೆ ಹೇಳಿದ. ಬಸ್ಸು ಬಂದು ನಾವು ಹತ್ತಿದ ಮೇಲೆ, ಹಿಂದಿನ ಗಾಜಿನಲ್ಲಿ ಅಜ್ಜಿ ನಿಧಾನವಾಗಿ ಗಂಟು ಬಿಚ್ಚುವುದು ಕಂಡಿತು.

ಬೇಲೂರಿನ ಹೋಟೆಲಿನಲ್ಲಿ ಮಾರ್ತಾ ಕಾಫಿ ಲೋಟ ಎತ್ತಲು ಹೋಗಿ ಕೆಳಗಿಟ್ಟರು. "ಹೆದರಿಕೆ ಆಗಿತ್ತು. ಅದು ಅವನಿಗೆ ಕಾಣಬಾರದು ಅಂತಿತ್ತು, ಅಷ್ಟೆ" ಎಂದರು. ಅವನ ಬೆದರಿಕೆಯ ಅರ್ಥವನ್ನು ಆಗ ಹೇಳಿದೆ. ಮರುದಿನ ಅರಸೀಕೆರೆಯಿಂದ ಅವರಿಗೆ ರೈಲು. ಲಾಡ್ಜಿನ ಬಾಗಿಲಿಗೇ ಆಟೋ ಕರೆಸಿ ಜಾವಗಲ್ ತನಕ ಬಿಡಿಸುತ್ತೇನೆ, ಅಲ್ಲಿಂದ ಬಸ್ಸು ಹತ್ತಿ, ಇಲ್ಲಿನ ಬಸ್ ನಿಲ್ದಾಣಕ್ಕೆ ಬರುವುದೇ ಬೇಡ ಎಂದೆ. ಆಗದೆಂದು ತಲೆಯಾಡಿಸಿದರು. "ಹಾಗೆ ಹೋದರೆ, ಆ ನಿಲ್ದಾಣವನ್ನು ಅವನಿಗೆ ಕೊಟ್ಟು ಹೋದ ಹಾಗೆ."

ಮರುದಿನ ಬೆಳಿಗ್ಗೆ ಬ್ಯಾಗು ಹೊತ್ತು ಬಂದರು. ಅವನ ಕಾರಿನ ಎದುರಿಗೇ, ಬಿಸಿಲಿನಲ್ಲಿ ನಿಂತರು. ನಾನು ಹೋಗಿ ಪಕ್ಕದಲ್ಲಿ ನಿಂತೆ. ನನ್ನ ಬೇಲೂರು ಬಸ್ಸು ಬಂತು, ಹೋಯಿತು. ಟ್ಯಾಕ್ಸಿಯವರು ಗುಂಪಾಗಿ ನೋಡುತ್ತಿದ್ದರು, ಯಾರೂ ಹತ್ತಿರ ಬರಲಿಲ್ಲ. ಅರಸೀಕೆರೆ ಬಸ್ಸು ಬಂದಾಗ ಮಾರ್ತಾ ನನ್ನ ಕೆನ್ನೆ ಹಿಂಡಿ, ಹತ್ತಿ ಹೋದರು. ಆಮೇಲೆ ನಾನು ಅವರನ್ನು ನೋಡಿಲ್ಲ.

ಬಸ್ಸಿನ ಧೂಳು ಇಳಿಯುವ ಮೊದಲೇ ಆ ಡ್ರೈವರ್ ಎದ್ದು ಬಂದ. "ಏನ್ ಮೇಡಂ, ನಿಮ್ಮ ಫಾರಿನ್ ಅಮ್ಮ ಹೋದ್ರಲ್ಲ, ಇನ್ನೇನ್ ಮಾಡ್ತೀರಾ?"

ಅವನ ಮುಖ ನೋಡಿಯೇ ಹೇಳಿದೆ.

"ಅವ್ರು ಹೋದ್ರು. ನಾನು ದಿನಾ ಬರ್ತೀನಿ."