ಆ್ಯಂಟೆನಾಕ್ಕೆ ಕಟ್ಟಿದ ನಿಂಬೆಹಣ್ಣು

ಬನಹಟ್ಟಿಯ ಬಂಧುಗಳೇ, ಮುಂದಿನ ಸಾಲಿನ ಹಿರಿಯರೇ, ಹಿಂದೆ ನಿಂತ ಗೆಳೆಯರೇ, ಕಿವಿಗೊಟ್ಟು ಕೇಳಿ!

ರೇಡಿಯೊ ಹಚ್ಚಿದರೆ ತಾನೇ ಮೇಲೇಳುವ, ಆರಿಸಿದರೆ ತಾನೇ ಒಳಗಿಳಿಯುವ ಆ್ಯಂಟೆನಾ ನನ್ನ ಹಳೆಯ ಕಾರಿನದು. ಮುರಿದಿದ್ದ ಅದನ್ನು ಇಂದು ಜಮಖಂಡಿಗೆ ಹೋಗಿ ಬದಲಿಸಿಕೊಂಡು ಬಂದೆ. ಸಂಜೆಯ ರೇಡಿಯೊ ನಾಟಕ ಕೇಳಲೇಬೇಕೆಂಬ ಹಟ ನನ್ನದು. ರೇಡಿಯೊ ಹಚ್ಚಿಟ್ಟು, ಚಹಾ ಕುಡಿಯಲು ಮನೆಯೊಳಗೆ ಹೋದೆ. ಅಷ್ಟರಲ್ಲಿ ಹೆಂಡತಿಯ ತಮ್ಮ ಮಲ್ಲೇಶಿ, ನಿಂಬೆಹಣ್ಣು, ಮೆಣಸಿನಕಾಯಿ ಪೋಣಿಸಿದ ದಾರವನ್ನು ಆ್ಯಂಟೆನಾದ ತುದಿಗೆ ಬಿಗಿದು ಕಟ್ಟಿ, ರೇಡಿಯೊ ಆರಿಸಿಬಿಟ್ಟ! ಇಳಿಯುವ ಆ್ಯಂಟೆನಾ ದಾರವನ್ನೂ ಒಳಗೆಳೆದುಕೊಂಡಿತು. ಕರಕರ ಸದ್ದು ಕೇಳಿ ಹೊರಗೆ ಓಡಿ ಬಂದೆ.

“ಏನ್ ಮಾಡಿದಿಲೇ ಮಲ್ಲೇಶಿ?” ಎಂದು ಗುಡುಗಿದೆ.

“ಹೊಸಾದಕ್ಕ ದೃಷ್ಟಿ ಆಗಬಾರದಂತ ಕಟ್ಟೇನ್ರಿ ಮಾಮಾ.”

“ಮುರದ ಹೋತಲ್ಲಲೇ!”

“ನೋಡ್ರಿ ಮತ್ತ, ಎಂಥಾ ಕೆಟ್ಟ ದೃಷ್ಟಿ ಬಿದ್ದೈತಿ!”

ಸಿಟ್ಟಿಗೆ ನನ್ನ ಮೀಸೆ ನಡುಗಿತು. ಹೆಂಡತಿ ಬೇರೆ ತಮ್ಮನ ಪರ ನಿಂತಳು: “ಅವ ಒಳ್ಳೇದಕ್ಕ ಮಾಡ್ಯಾನ, ಬಿಡ್ರಿ.” ಸಂಜೆ ರೇಡಿಯೊ ತುಂಬ ಬರೀ ಗೊರಗೊರ. ನಾಟಕ ಹೋಯಿತು.

ನಾಳೆ ಬೆಳಿಗ್ಗೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮತ್ತೆ ಜಮಖಂಡಿಗೆ ಹೊರಡುತ್ತೇನೆ. ದಾರಿಯುದ್ದಕ್ಕೂ ನಾಟಕವನ್ನು ಅವನೇ ಆಡಬೇಕು, ಹೆಣ್ಣು ಪಾತ್ರವೂ ಸೇರಿ!