ಹೆಸರಿಗಾಗಿ ಹಟ ಹಿಡಿದ ಅತ್ತೆ

ಮೊಮ್ಮಗನ ಹೆಸರಿಗಾಗಿ ಹಟ ಹಿಡಿಯುವ ಅತ್ತೆಯರಿಗೆಲ್ಲ ನಮ್ಮತ್ತೆ ಮಹಾರಾಣಿ. ಅವರಿಗೆ ಬೇಕಾದದ್ದು ತಮ್ಮ ಮಾವನ ಹೆಸರು; ಅದನ್ನು ಪೂರ್ತಿ ಹೇಳಿ ಮುಗಿಸುವಷ್ಟರಲ್ಲಿ ಮಗು ಹಾಲು ಕುಡಿದು ಮತ್ತೆ ಹಸಿದಿರುತ್ತದೆ. ನಾನು ಮಗುವಿನ ಬಟ್ಟೆ ಬದಲಿಸುವಾಗ ಅದೇ ಹೆಸರು, ತೊಟ್ಟಿಲು ತೂಗುವಾಗ ಅದೇ, ಹಾಲಿನವನ ಮುಂದೆಯೂ ಅದೇ. “ಫೋಟೋದಲ್ಲೇ ಗದರೋ ಮುದುಕನ ಹೆಸರು ನನ್ನ ಮಗೂಗೆ ಬೇಡ” ಎಂದರೆ, “ನಿಂಗೇನೇ ಗೊತ್ತು, ನಿನ್ನೆ ಮೊನ್ನೆ ಬಂದೋಳು!” ಎಂದು ಪಾತ್ರೆ ಕುಕ್ಕುತ್ತಾರೆ. ಹೊತ್ತು ಹೆತ್ತವಳು ನಾನು, ಹೆಸರಿಡುವವರು ಇವರು! ಇವತ್ತು ತಡೆಯಲಾಗದೆ ಕೂಗಾಡಿಬಿಟ್ಟೆ: “ಅಷ್ಟೇನು ಮುದ್ದು ಮಾಡಿದ್ದ ಆ ಮುದುಕ ನಿಮ್ಮನ್ನ?” ಅತ್ತೆ ತೊಡೆಯ ಮೇಲಿದ್ದ ಮಗುವಿನ ಅಂಗಿಗೆ ಗುಂಡಿ ಹಾಕುತ್ತ ಹೇಳಿದರು: “ಮುದ್ದಾ? ಅಷ್ಟು ವರ್ಷ ಬೇಯಿಸಿ ಬಡಿಸಿದೆ, ಒಂದಿನಾನೂ ಉಂಡ್ಯಾ ಅಂತ ಕೇಳ್ಲಿಲ್ಲ. ಆ ಹೆಸರಿನವನು ಒಬ್ಬನಾದ್ರೂ ಕೇಳ್ಲಿ ಅಂತ ಆಸೆ ಕಣೇ.” ನನ್ನ ಸಿಟ್ಟು ಇನ್ನೂ ಏರಿತು, ಈಗ ಆ ಸತ್ತವನ ಮೇಲೆ. “ಹಾಗಾದ್ರೆ ಆ ಹೆಸರು ಖಂಡಿತ ಬೇಡ,” ಎಂದು ಮಗುವನ್ನು ಎತ್ತಿಕೊಂಡೆ. “ಏಳಿ, ತಟ್ಟೆ ಹಾಕ್ತೀನಿ. ನೀವಿನ್ನೂ ಉಂಡಿಲ್ಲ.”